‘ಸಾರಿ’ ಎನ್ನುವುದೂ ಹೇಳದೆ ಎದ್ದು ಬರುವುದೂ

ಇಂಗ್ಲಿಷ್ ನಿಘಂಟುಗಳಲ್ಲಿ ‘ಸಾರಿ’ ಎಂಬ ಪದದ ನಡುವೆ ಒಂದು ಪುಟ್ಟ ಚುಕ್ಕೆ ಇರುತ್ತದೆ. ನೀವು ಅದನ್ನು ಗಮನಿಸಿರಲಾರಿರಿ. ಎಲ್ಲರ ಬಾಯಿಂದಲೂ ಹೊತ್ತುಹೊತ್ತಿಗೆ ಉದುರುವ ಮಾತೊಂದರ ಅರ್ಥ ತಿಳಿಯಲೆಂದು ನಿಘಂಟು ಬಿಚ್ಚಿ ಕೂರುವಷ್ಟು ವ್ಯವಧಾನ ಯಾರಿಗಿದೆ? ನನಗಿದೆ, ಏಕೆಂದರೆ ನನ್ನ ಉದ್ಯೋಗವೇ ಅದು.

ಅಮೆರಿಕೆಯ ಮೌಂಟನ್ ವ್ಯೂನಲ್ಲಿರುವ ನಮ್ಮ ಕಂಪನಿ, ಹಿಂದೆ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವರು ಮಾಡುತ್ತಿದ್ದ ಕೆಲಸವನ್ನು ಕಂಪ್ಯೂಟರಿನಿಂದ ಮಾಡಿಸುತ್ತದೆ. ಸಾಲಿನ ಕೊನೆಯಲ್ಲಿ ಜಾಗ ಸಾಲದೆ ಹೋದಾಗ ಪದವನ್ನು ಎಲ್ಲಿ ಮುರಿದು, ಅಡ್ಡಗೆರೆಯೆಳೆದು, ಉಳಿದ ಭಾಗವನ್ನು ಕೆಳಗಿನ ಸಾಲಿಗೆ ಇಳಿಸಬೇಕೆಂಬುದನ್ನು ಆ ಯಂತ್ರಕ್ಕೆ ಕಲಿಸುವುದು ನನ್ನ ಪಾಲಿಗೆ ಬಂದ ವಿದ್ಯಾದಾನ. ನಮ್ಮ ಕನ್ನಡದಲ್ಲಾದರೆ ಸಾಲು ಮುಗಿದ ಕಡೆ ಯಾವ ಅಕ್ಷರದ ಬಳಿ ಮುರಿದರೂ ಓದುಗ ಬೇಸರಿಸದೆ ಮುಂದಕ್ಕೆ ಹೋಗುತ್ತಾನೆ. ಇಂಗ್ಲಿಷಿನ ಪದಗಳಿಗೆ ಕಬ್ಬಿಗಿರುವಂತೆ ಗೆಣ್ಣುಗಳಿವೆ, ಗೆಣ್ಣು ತಪ್ಪಿಸಿ ಕತ್ತರಿಸಿದರೆ ಸಂಪಾದಕರು ಮುನಿಯುತ್ತಾರೆ. ನಿಘಂಟಿನ ಆ ಚುಕ್ಕೆಗಳು ಗೆಣ್ಣಿನ ಗುರುತುಗಳು. ಎಂಬತ್ತರ ದಶಕ ಕಣ್ಣುಬಿಡುತ್ತಿದ್ದಾಗ ನಾನು ಈ ಕೆಲಸಕ್ಕೆ ಸೇರಿದ ಸುದ್ದಿಯನ್ನು ಮೈಸೂರಿನಲ್ಲಿದ್ದ ನಮ್ಮ ತಂದೆಯವರಿಗೆ ವಿವರವಾಗಿ ಬರೆದಿದ್ದೆ. ಇಂಜಿನಿಯರಿಂಗ್ ಓದಿದ ಮಗ ಸಮುದ್ರ ದಾಟಿ ಹೋಗಿ ಪದ ಮುರಿಯುತ್ತಾನೆಂಬುದನ್ನು ಅವರು ನೆಂಟರಿಷ್ಟರಿಂದ ಕಡೆಯವರೆಗೂ ಗೋಪ್ಯವಾಗಿಟ್ಟಿದ್ದರು.

‘ಸಾರಿ’ ಎಂಬ ಐದಕ್ಷರದ ಪದ ಎರಡು ಉಚ್ಚಾರಖಂಡಗಳದ್ದು. ಮೊದಲನೆಯ ಖಂಡದಲ್ಲಿ ಎಸ್, ಓ, ಆರ್; ಎರಡನೆಯದರಲ್ಲಿ ಆರ್, ವೈ. ಬಾಯಿ ಅದನ್ನು ಸರಾಗವಾಗಿ ಎರಡು ಮಾಡುತ್ತದೆ. ಆದರೆ ಅಚ್ಚಿನವರ ಸಂಪ್ರದಾಯ ಬೇರೆ. ಎರಡೇ ಅಕ್ಷರಗಳನ್ನು ಒಂಟಿಯಾಗಿ ಕೆಳಗಿನ ಸಾಲಿಗೆ ತಳ್ಳುವುದು ಅವರಲ್ಲಿ ಅಸಭ್ಯತೆ. ಆದ್ದರಿಂದ ಈ ಪದವನ್ನು ಮುರಿಯಬೇಡವೆಂದು ಯಂತ್ರಕ್ಕೆ ತಾಕೀತು ಮಾಡಿದ ದಿನ, ರಾತ್ರಿ ಊಟಕ್ಕೆ ಕೂತಾಗ ಈ ಸೂಕ್ಷ್ಮವನ್ನು ನನ್ನ ಹೆಂಡತಿ ಸರೋಜಳಿಗೆ ಬಣ್ಣಿಸಿದೆ. ಅವಳು ಹುಳಿ ಬಡಿಸುತ್ತಾ, “ಇದನ್ನ ಕಂಡುಹಿಡಿಯೋಕೆ ಇಡೀ ದಿನ ಬೇಕಾಯ್ತಾ ನಿಮ್ಗೆ?” ಎಂದಳು. ಅವಳ ತವರಾದ ಹಾಸನದ ಜನ ಸಾಮಾನ್ಯವಾಗಿ ವಿಸ್ಮಯಕ್ಕೆ ಬೇಗ ಒಳಗಾಗುವವರಲ್ಲ.

ಅರ್ಥದ ಕಡೆ ಹೋದರೆ ನಿಘಂಟು ಮುಖ್ಯವಾಗಿ ಮೂರನ್ನು ಕೊಡುತ್ತದೆ. ತಪ್ಪು ಮಾಡಿದವನ ಪಶ್ಚಾತ್ತಾಪ. ಪರರ ದುಃಖದಲ್ಲಿ ಭಾಗಿಯಾಗುವ ಸಂತಾಪ. ನೋಡಿದವರಿಗೆ ಅಯ್ಯೋ ಎನಿಸುವ ದೈನ್ಯಾವಸ್ಥೆ. ಮೂಲ ಕೆದಕಿದರೆ ಹುಣ್ಣು, ನೋವು ಎಂಬರ್ಥದ ಹಳೆಯ ಪದವೊಂದು ಸಿಗುತ್ತದೆ. ಶೋಕ ಎಂಬರ್ಥದ ‘ಸಾರೋ’ ಇದರ ಅಕ್ಕನಂತೆ ಕಂಡರೂ ರಕ್ತಸಂಬಂಧವಿಲ್ಲವಂತೆ. ಒಂದೇ ಬೀದಿಯಲ್ಲಿ ಬಹುಕಾಲ ಬಾಳಿದ್ದರಿಂದ ಮುಖಲಕ್ಷಣ ಹೊಂದಿಬಂದಿರಬೇಕು.

ಈ ಮೂರರಲ್ಲಿ ಒಂದಕ್ಕೂ ನಮ್ಮ ಮನೆಮಾತಿನಲ್ಲಿ ಸರಿಸಮನಾದ ಶಬ್ದವಿಲ್ಲವೆಂಬುದು ನನ್ನನ್ನು ಬಹಳ ದಿನ ಕಾಡಿತು. ‘ಕ್ಷಮಿಸಿ’ ಎಂಬುದು ಭಾಷಣಕಾರರ ಸೊತ್ತು. ಯಾವ ಗಂಡನಾದರೂ ಕಾಫಿ ಚೆಲ್ಲಿ ಹೆಂಡತಿಗೆ ‘ಕ್ಷಮಿಸು’ ಎಂದದ್ದನ್ನು ನಾನು ನಾಟಕದ ಹೊರಗೆ ಕೇಳಿಲ್ಲ. ನಾವು ಚಿಕ್ಕವರಿದ್ದಾಗ ಇನ್ನೊಬ್ಬರಿಗೆ ಕಾಲು ತಗುಲಿದರೆ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆವು. ಕೈ ಹೇಳಿದ್ದನ್ನು ಬಾಯಿ ಮತ್ತೆ ಹೇಳಬೇಕಾಗಿರಲಿಲ್ಲ. ಸಾವಿನ ಮನೆಯಲ್ಲಂತೂ ಮಾತೇ ಇಲ್ಲ. ಹೋಗುತ್ತೇವೆ, ಗೋಡೆಗೊರಗಿ ಕೂರುತ್ತೇವೆ, ನೀರನ್ನೂ ಮುಟ್ಟುವುದಿಲ್ಲ, ಹೊತ್ತು ನೋಡಿ ಏಳುತ್ತೇವೆ. ಮಿಕ್ಕೆಲ್ಲ ಮನೆಗಳಲ್ಲಿ ಹೊಸ್ತಿಲು ದಾಟುವಾಗ ‘ಹೋಗಿ ಬರ್ತೀವಿ’ ಎನ್ನುವ ನಾವು ಅಲ್ಲಿ ಮಾತ್ರ ಅದನ್ನು ನುಂಗಿಕೊಳ್ಳುತ್ತೇವೆ, ಅಂಥ ಕಾರಣಕ್ಕೆ ಮತ್ತೊಮ್ಮೆ ಬರುವಂತಾಗದಿರಲಿ ಎಂದು. ಆ ಮನೆಯವರೂ ‘ಬನ್ನಿ’ ಎನ್ನುವುದಿಲ್ಲ. ಇಬ್ಬರ ಮೌನವೂ ಇಬ್ಬರಿಗೂ ಅರ್ಥವಾಗುತ್ತದೆ.

ಅಮೆರಿಕೆಯಲ್ಲಿ ಹಾಗಲ್ಲ. ಗ್ರೋಸರಿ ಅಂಗಡಿಯಲ್ಲಿ ಒಬ್ಬರ ಗಾಡಿ ಇನ್ನೊಬ್ಬರ ಗಾಡಿಗೆ ಮಾರು ದೂರದಲ್ಲಿ ಹಾದುಹೋದರೂ ಇಬ್ಬರೂ ಸಾರಿ ಎಂದುಕೊಳ್ಳುತ್ತಾರೆ. ಈ ಸೌಜನ್ಯದ ಪರಾಕಾಷ್ಠೆಯನ್ನು ನಾವು ಕಂಡದ್ದು ನಮ್ಮ ಪಕ್ಕದ ಮನೆಯ ಡೊರತಿಯವರಲ್ಲಿ. ಲಾಸ್ ಆಲ್ಟೋಸ್‌ನಲ್ಲಿ ಸಿರಿವಂತರು ಇನ್ನೂ ಗಮನಿಸಿರದ ಒಂದು ಮೂಲೆಯಲ್ಲಿ, ಹಳೆಯ ಏಪ್ರಿಕಾಟ್ ತೋಟವನ್ನು ಕಡಿದು ಕಟ್ಟಿದ ಸಣ್ಣ ಮನೆಗಳ ಸಾಲಿನಲ್ಲಿ ನಮ್ಮದೊಂದು, ಅವರದೊಂದು. ಅವರ ಮರದ ಹಣ್ಣು ನಮ್ಮ ಕಡೆ ಉದುರಿದರೆ ಸಾರಿ, ಅವರ ಹುಲ್ಲಿಗೆ ಚಿಮುಕಿಸಿದ ನೀರು ನಮ್ಮ ಹುಲ್ಲಿಗೆ ಸಿಡಿದರೆ ಸಾರಿ. ಅವರ ಗಂಡ ವಾಲ್ಟರ್ ಶಾಲೆಯಲ್ಲಿ ಮರಗೆಲಸ ಕಲಿಸಿ ನಿವೃತ್ತರಾದವರು, ಮಿತಭಾಷಿ. ನಮ್ಮ ಮಗಳು ವಿದ್ಯಾ ಪುಟ್ಟವಳಿದ್ದಾಗ ಬೀದಿ ಸುತ್ತಿಕೊಂಡು ಅವರ ಮನೆಗೆ ಓಡುವುದನ್ನು ಕಂಡು, ಎರಡು ಹಿತ್ತಿಲುಗಳ ನಡುವಿನ ಬೇಲಿಯಲ್ಲಿ ಅವರೇ ಒಂದು ಬಾಗಿಲು ಮಾಡಿಕೊಟ್ಟಿದ್ದರು.

ಸರೋಜಳಿಗೆ ಕಾರು ಕಲಿಸಿದವರು ಡೊರತಿ. ನಾನು ಕಲಿಸಲು ಹೊರಟದ್ದುಂಟು. ಎರಡನೆಯ ಪಾಠಕ್ಕೇ ನಮ್ಮ ದಾಂಪತ್ಯ ಫ್ರೀವೇ ಬಿಟ್ಟು ಹಳ್ಳಕ್ಕಿಳಿಯುವ ಸೂಚನೆ ಕಂಡದ್ದರಿಂದ ನಿಲ್ಲಿಸಿದೆವು. ಡೊರತಿ ಅವಳನ್ನು ಚರ್ಚಿನ ಮುಂದಿನ ಖಾಲಿ ಜಾಗಕ್ಕೆ ಕರೆದುಕೊಂಡು ಹೋಗಿ, ಅವಳು ಬ್ರೇಕನ್ನು ಜಾಡಿಸಿ ಒದ್ದಾಗಲೆಲ್ಲ ತಾವೇ ಸಾರಿ ಎನ್ನುತ್ತಾ ಕಲಿಸಿಬಿಟ್ಟರು. ಅಲ್ಲಿಂದ ಮುಂದೆ ಅವರಿಬ್ಬರ ಸ್ನೇಹಕ್ಕೆ ನನ್ನ ಅಪ್ಪಣೆಯಾಗಲಿ ಅನುವಾದವಾಗಲಿ ಬೇಕಾಗಲಿಲ್ಲ. ತವರಿನಿಂದ ಇಷ್ಟು ದೂರ ಬಂದ ಮೇಲೆ ಸರೋಜಳಿಗೆ ಸಿಕ್ಕ ಹಿರಿಯ ಹೆಂಗಸೆಂದರೆ ಅವರೊಬ್ಬರೇ.

ಒಂದು ವಸಂತದ ಬೆಳಿಗ್ಗೆ ವಾಲ್ಟರ್ ಹೃದಯಾಘಾತದಿಂದ ತೀರಿಕೊಂಡರು. ಡೊರತಿಯವರ ತಂಗಿ ಫೋನು ಮಾಡಿ ತಿಳಿಸಿದರು. ಮಧ್ಯಾಹ್ನ ನಾನೂ ಸರೋಜಳೂ ಹೋದೆವು. ಮನೆ ತುಂಬ ಜನ. ಮೇಜಿನ ಮೇಲೆ ಕಾಫಿ, ಕೇಕು, ಸ್ಯಾಂಡ್‌ವಿಚ್ಚು. ಬಂದವರೆಲ್ಲ ಡೊರತಿಯವರನ್ನು ತಬ್ಬಿಕೊಂಡು ‘ಐ ಆಮ್ ಸೋ ಸಾರಿ’ ಎನ್ನುತ್ತಿದ್ದರು, ಅವರು ಒಬ್ಬೊಬ್ಬರಿಗೂ ಕೃತಜ್ಞತೆ ಹೇಳುತ್ತಿದ್ದರು. ಸರೋಜ ಏನೂ ಹೇಳಲಿಲ್ಲ. ಸೋಫಾದ ಮೇಲೆ ಡೊರತಿಯವರ ಪಕ್ಕ ಕೂತು ಅವರ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಇದ್ದಳು. ಯಾರೋ ತಂದುಕೊಟ್ಟ ಕಾಫಿಗೆ ತಲೆಯಲ್ಲಾಡಿಸಿದಳು. ಆಮೇಲೆ ನನ್ನತ್ತ ನೋಡಿದಳು. ಇಬ್ಬರೂ ಎದ್ದೆವು; ಯಾರಿಗೂ ಏನೂ ಹೇಳದೆ, ಹಿಂದಿರುಗಿ ನೋಡದೆ ಬಂದುಬಿಟ್ಟೆವು. ಗರಾಜಿನ ಮೂಲಕ ಒಳಗೆ ಬಂದು, ಉಟ್ಟದ್ದನ್ನು ನೇರವಾಗಿ ವಾಷಿಂಗ್ ಮಷೀನಿಗೆ ಹಾಕಿ, ತಲೆಗೆ ಸ್ನಾನ ಮಾಡಿದೆವು. ನಮ್ಮ ತಂದೆ ತಾಯಿ ಮಾಡುತ್ತಿದ್ದದ್ದು ಅದನ್ನೇ, ನಮಗೆ ಅದರಲ್ಲಿ ವಿಚಾರ ಮಾಡುವಂಥದ್ದು ಏನೂ ಕಾಣಲಿಲ್ಲ.

ಸರೋಜ ಏನೂ ತಿನ್ನದೆ ಹೋದದ್ದು ಅಷ್ಟು ಗದ್ದಲದಲ್ಲೂ ಡೊರತಿಯವರ ಗಮನಕ್ಕೆ ಬಂದಿದೆ. ಸಂಜೆ ಜನ ಕರಗಿದ ಮೇಲೆ ಎರಡು ತುಂಡು ಕೇಕನ್ನು ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ, ಹಿತ್ತಿಲ ಬೇಲಿಯ ಬಾಗಿಲಿನಿಂದ ಅವರೇ ಬಂದರು. ಸರೋಜ ಹಿಂದಿನ ಮೆಟ್ಟಿಲ ಮೇಲೆ ಕೂದಲು ಹರಡಿ ಒಣಗಿಸುತ್ತಿದ್ದಳು. ಈ ಹೊತ್ತಿನಲ್ಲಿ ಸ್ನಾನವೇಕೆ, ಹುಷಾರಿಲ್ಲವೇ ಎಂದು ಡೊರತಿ ವಿಚಾರಿಸಿದರು. ಸುಳ್ಳು ಹೇಳಲು ಬಾರದ ನನ್ನ ಹೆಂಡತಿ, ಸಾವಿನ ಮನೆಗೆ ಹೋಗಿ ಬಂದರೆ ನಾವು ಸ್ನಾನ ಮಾಡುತ್ತೇವೆ ಎಂದಳು. ಕೇಕನ್ನು ಕೈಯಲ್ಲಿ ತೆಗೆದುಕೊಳ್ಳಲೂ ಇಲ್ಲ. ಅಲ್ಲಿಡಿ ಎಂಬಂತೆ ಮೆಟ್ಟಿಲನ್ನು ತೋರಿಸಿದಳು. ಡೊರತಿ ಅಲ್ಲಿಟ್ಟರು. ಒಳಗೆ ಮಷೀನು ನಮ್ಮ ಬಟ್ಟೆಗಳನ್ನು ತಿರುಗಿಸುತ್ತಿದ್ದ ಸದ್ದು ಕೇಳುತ್ತಿತ್ತು. ಅವರು ಬಂದ ದಾರಿಯಲ್ಲೇ ಹೋಗಿ ಬಾಗಿಲಿನ ಚಿಲಕ ಹಾಕಿಕೊಂಡರು.

ನಡೆದದ್ದೇನೆಂದು ನಮಗೆ ಬಿಡಿಸಿ ಹೇಳಿದವಳು, ಇಲ್ಲಿಯೇ ಹುಟ್ಟಿ ಹೈಸ್ಕೂಲು ಮುಟ್ಟಿದ್ದ ವಿದ್ಯಾ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ಅವಳ ಪದ್ಧತಿ. “ಅಮ್ಮಾ, ಯೂ ಜಸ್ಟ್ ವಾಕ್ಡ್ ಔಟ್. ಆಂಡ್ ದೆನ್ ಯೂ ವಾಶ್ಡ್ ಹರ್ ಆಫ್” ಎಂದಳು. ಒಂದು ಮಾತೂ ಆಡದೆ ಎದ್ದು ಬಂದದ್ದಲ್ಲದೆ ಆಕೆಯನ್ನು ಮೈಯಿಂದ ತೊಳೆದುಕೊಂಡೂ ಬಿಟ್ಟಿರಿ ಎಂಬುದು ಅವಳ ಆರೋಪಪಟ್ಟಿ. ಸರೋಜ ಕೂದಲು ಕಟ್ಟುವುದನ್ನು ಅರ್ಧಕ್ಕೇ ಬಿಟ್ಟಳು. ಆ ರಾತ್ರಿ ಅವಳು ಊಟ ಮಾಡಲಿಲ್ಲ.

ಮಾರನೆಯ ದಿನದಿಂದ ಡೊರತಿ ಬೀದಿಯಲ್ಲಿ ಸಿಕ್ಕರೆ ಮುಗುಳ್ನಗುತ್ತಿದ್ದರು, ಹೇಗಿದ್ದೀರಿ ಎನ್ನುತ್ತಿದ್ದರು. ಅಷ್ಟೆ. ಹಿತ್ತಿಲ ಬಾಗಿಲು ಮತ್ತೆ ತೆರೆಯಲಿಲ್ಲ. ಈ ದೇಶದ ಸೌಜನ್ಯದಲ್ಲಿ ಒಂದು ಜಾತಿಯುಂಟು, ಅದರ ಮುಂದೆ ಜಗಳವೇ ವಾಸಿಯೆನಿಸುತ್ತದೆ.

ಹೋಗಿ ಒಂದು ಸಾರಿ ಸಾರಿ ಎಂದು ಬಂದುಬಿಡು ಎಂದು ನಾನು ಉಪದೇಶಿಸಿದೆ. ಸರೋಜ ಒಪ್ಪಲಿಲ್ಲ. “ನಾನೇನು ತಪ್ಪು ಮಾಡಿದೀನಿ ಅಂತ ಹೇಳ್ಲಿ? ನಮ್ಮಮ್ಮನ ಮನೇಲಿ ಮಾಡೋದನ್ನೇ ಮಾಡ್ದೆ. ತಪ್ಪು ಮಾಡ್ದೆ ಅಂದ್ರೆ ಸುಳ್ಳಾಗತ್ತೆ. ಆದ್ರೆ ಅವರಿಗೆ ನೋವಾಗಿದೆಯಲ್ರೀ, ಅದಕ್ಕೇನು ಹೇಳೋದು?” ಎಂದಳು. ನಿಘಂಟಿನ ಮೂರೂ ಅರ್ಥಗಳನ್ನು ಬಾಯಿಪಾಠ ಮಾಡಿಕೊಂಡಿದ್ದ ನನ್ನ ಬಳಿ ಇದಕ್ಕೆ ಉತ್ತರವಿರಲಿಲ್ಲ.

ಉತ್ತರವಿಲ್ಲದಿದ್ದರೂ ಸುಮ್ಮನಿರಲಾಗದ ದೌರ್ಬಲ್ಯ ನಮ್ಮ ಓದಿದ ಪೀಳಿಗೆಗಿದೆ. ನಮ್ಮ ಆಚಾರಗಳಿಗೆಲ್ಲ ಒಂದೊಂದು ವೈಜ್ಞಾನಿಕ ಕಾರಣ ಹುಡುಕಿ ಪರದೇಶದವರ ಮುಂದೆ ಮಂಡಿಸುವುದು ನಮಗೆ ಮೈಗಂಟಿದ ಚಟ. ಒಂದು ಶನಿವಾರ ಬೇಲಿಯ ಮೇಲಿಂದ ಡೊರತಿಯವರನ್ನು ಮಾತಿಗೆಳೆದು, ಹಿಂದಿನ ಕಾಲದಲ್ಲಿ ಪ್ಲೇಗು, ಕಾಲರಾಗಳಿದ್ದವು, ಸೋಂಕು ಹರಡದಿರಲೆಂದು ಹಿರಿಯರು ಸ್ನಾನದ ನಿಯಮ ಮಾಡಿದರು, ತಿಂಡಿ ತೀರ್ಥ ಬೇಡವೆಂದದ್ದೂ ಅದಕ್ಕೇ ಎಂದು ಸುದೀರ್ಘವಾಗಿ ನಿರೂಪಿಸಿದೆ. ಆಕೆ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟು ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ, ಹಾಗಾದರೆ ವಾಲ್ಟರ್‌ನಿಂದ ನಿಮಗೇನೋ ಅಂಟೀತೆಂದು ಹೆದರಿದಿರಾ ಎಂದು ಮೃದುವಾಗಿಯೇ ಕೇಳಿದರು. ನಾನು ಒಳಗೆ ಬಂದೆ.

ವಿಷಯ ತಿಳಿದು ಸರೋಜ ನನ್ನನ್ನು ಬೈದದ್ದನ್ನು ಇಲ್ಲಿ ಬರೆಯುವುದು ಬೇಡ. ಬೈದು ಮುಗಿಸಿ, “ನಿಮ್ಮ ಆಫೀಸಿನ ಮ್ಯಾನೇಜರ್ ತಾಯಿ ಹೋದ್ರು ಅಂತ ಗೊತ್ತಾದಾಗ ನಾವೇನು ಮಾಡಿದ್ವಿ?” ಎಂದು ಕೇಳಿದಳು. ಕಾರ್ಡು ಕಳಿಸಿದೆವು ಎಂದೆ. “ಸ್ನಾನ ಮಾಡಿದ್ವಾ?” ಇಲ್ಲ ಎಂದೆ. ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದಳು.

ಡೊರತಿ ಕಸದ ಡಬ್ಬವನ್ನು ಬೀದಿಯಂಚಿಗೆ ತಳ್ಳಿಕೊಂಡು ಬರುತ್ತಿದ್ದರು. ಅಡುಗೆಮನೆಯ ಕಿಟಕಿಯಿಂದ ನನಗೆ ಇಬ್ಬರೂ ಕಾಣುತ್ತಿದ್ದರು. ಆಡಿದ ಮಾತನ್ನು ಸರೋಜ ಆಮೇಲೆ ಹೇಳಿದಳು. ಆ ದಿನ ತಾನು ಎರಡು ಸಲ ತಲೆಗೆ ಸ್ನಾನ ಮಾಡಿದೆನೆಂದು ಅವಳು ಡೊರತಿಗೆ ಹೇಳಿದಳಂತೆ. ಹಿಂದಿರುಗಿ ಬಂದ ಮೇಲಿನ ಸ್ನಾನ ಸಾವಿನ ಮನೆಗೆ ಹೋದವರೆಲ್ಲ ಮಾಡುವಂಥದ್ದು. ಆದರೆ ಬೆಳಿಗ್ಗೆ ಫೋನಿನಲ್ಲಿ ಸುದ್ದಿ ಕೇಳಿದ ಕೂಡಲೆ ಮಾಡಿದ ಸ್ನಾನ ಬೇರೆ. ಅದನ್ನು ಸ್ವಂತದವರು ಹೋದಾಗ ಮಾತ್ರ ಮಾಡುತ್ತಾರೆ. “ಫಾರ್ ಅದರ್ ಪೀಪಲ್, ವೀ ಸೇ ಸಾರಿ. ಫಾರ್ ಅವರ್ ಪೀಪಲ್, ವೀ ಟೇಕ್ ಬಾತ್” ಎಂದಳಂತೆ. ಬೆಳಿಗ್ಗೆ ಅವಳ ಕೂದಲು ಒದ್ದೆಯಾಗಿದ್ದದ್ದನ್ನು ನಾನೂ ಕಂಡಿದ್ದೆ, ಶುಕ್ರವಾರದ ಸ್ನಾನವಿರಬೇಕೆಂದು ಸುಮ್ಮನಾಗಿದ್ದೆ. ಯಾವ ಶಾಸ್ತ್ರವೂ ಕೇಳದ ನೆಂಟಸ್ತಿಕೆಯನ್ನು ಅವಳು ಒಬ್ಬಳೇ ಬಚ್ಚಲಲ್ಲಿ ನಿಂತು ಒಪ್ಪಿಕೊಂಡಿದ್ದಳು.

ಡೊರತಿ ಡಬ್ಬದ ಹಿಡಿಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದರು. ಆಮೇಲೆ ತಲೆಯಾಡಿಸಿ ಒಳಗೆ ಹೋದರು. ಬೇಸಿಗೆಗೆ ನಮ್ಮ ಮೆಟ್ಟಿಲ ಮೇಲೆ ಒಂದು ಕಾಗದದ ಚೀಲದ ತುಂಬ ಏಪ್ರಿಕಾಟ್ ಇತ್ತು. ಸರೋಜ ಅದಕ್ಕೆ ಬೆಲ್ಲ ಹಾಕಿ ಗೊಜ್ಜು ಮಾಡಿ ಒಂದು ಬಾಟಲಿ ಕಳಿಸಿದಳು. ಆದರೂ ಮೊದಲಿನಂತೆ ಅಡುಗೆಮನೆಯವರೆಗೆ ಬಂದು ಕೂತು ಹರಟುವುದು ಶುರುವಾಗಲಿಲ್ಲ. ಡೊರತಿಗೆ ಅರ್ಥವಾಯಿತೋ, ಅರ್ಥವಾಗಿಯೂ ಒಪ್ಪಿಗೆಯಾಗಲಿಲ್ಲವೋ ತಿಳಿಯದೆ ಸರೋಜ ಒಳಗೊಳಗೇ ಕೊರಗುತ್ತಿದ್ದಳು. ಪಾತ್ರೆ ತೊಳೆಯುತ್ತಾ ಆ ಮನೆಯ ಕಡೆ ನೋಡುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು.

ಚಳಿಗಾಲದಲ್ಲಿ ಒಂದು ಮುಂಜಾನೆ ಹಾಸನದಿಂದ ಸರೋಜಳ ಅಣ್ಣನ ಫೋನು ಬಂತು. ಅವಳ ತಾಯಿ ಹೋಗಿಬಿಟ್ಟಿದ್ದರು. ಇಲ್ಲಿಂದ ಹೊರಟು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ, ಕಾಯುವುದಿಲ್ಲವೆಂದು ಅವನು ಹೇಳಿದ. ಅವಳು ‘ಆಯ್ತು’ ಎಂದು ಫೋನಿಟ್ಟಳು, ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಬಂದು ಸೋಫಾದ ಮೇಲೆ ಕೂತಳು. ಅಳಲಿಲ್ಲ. ಸುದ್ದಿ ಹರಡಿ ನಮ್ಮ ಕನ್ನಡದ ಸ್ನೇಹಿತರು ಒಂದೆರಡು ಸಂಸಾರ ಬಂದು, ಕೂತು, ಹೇಳದೆ ಎದ್ದು ಹೋದರು. ಅವಳು ಕಲ್ಲಿನಂತೆ ಕೂತೇ ಇದ್ದಳು. ಶಾಲೆಗೆ ಹೊರಟಿದ್ದ ವಿದ್ಯಾ ದಾರಿಯಲ್ಲಿ ಡೊರತಿಯವರಿಗೆ ವಿಷಯ ತಿಳಿಸಿದ್ದಾಳೆಂಬುದು ನನಗೆ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಡೊರತಿ ಬಂದರು. ಬೀದಿ ಬಾಗಿಲಿನಿಂದ ಬಂದರು, ಗಂಟೆ ಒತ್ತಲಿಲ್ಲ. ಮೈಮೇಲೆ ದಪ್ಪ ಕೋಟು. ಬಿಳಿಗೂದಲು ಹಿಂದಕ್ಕೆ ಬಾಚಿದ್ದು ತಲೆಗೆ ಅಂಟಿಕೊಂಡಿತ್ತು, ಅಂಥ ಚಳಿಯಲ್ಲಿ ತುದಿಯಿಂದ ಕೋಟಿನ ಕಾಲರಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ನನಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಹೊಳೆದ ಮೇಲೆ ಅವರ ಮುಖ ನೋಡಲಾಗಲಿಲ್ಲ. ಅವರು ಸರೋಜಳ ಪಕ್ಕ ಕೂತು ಅವಳ ಕೈಯನ್ನು ಮಡಿಲಲ್ಲಿಟ್ಟುಕೊಂಡರು. ಹಣ್ಣು ಉದುರಿದರೆ ಸಾರಿ ಎನ್ನುತ್ತಿದ್ದ ಹೆಂಗಸು ತುಟಿ ಬಿಚ್ಚಲಿಲ್ಲ. ನಾನು ಅಭ್ಯಾಸಬಲದಿಂದ ಕಾಫಿ ಬೆರೆಸಿ, ನೆನಪಾಗಿ, ಅಲ್ಲೇ ಬಿಟ್ಟೆ. ಬಹಳ ಹೊತ್ತಾದ ಮೇಲೆ ಅವರು ಎದ್ದರು. ಯಾರ ಕಡೆಯೂ ನೋಡದೆ, ಒಂದು ಮಾತೂ ಇಲ್ಲದೆ ಬಾಗಿಲ ಕಡೆ ನಡೆದರು.

ನಾನು ಕದಲಲಿಲ್ಲ, ಕಳಿಸಿಕೊಡಲು ಹೋಗಬಾರದು. ಎಷ್ಟು ಸರಿಯಾಗಿ ಕಲಿತಿದ್ದಾರೆ ಎಂದು ಒಳಗೇ ಬೆರಗಾಗುತ್ತಿದ್ದಾಗ ಸರೋಜ ಎದ್ದಳು. ಎದ್ದು ಬರಿಗಾಲಿನಲ್ಲಿ ಹೊಸ್ತಿಲವರೆಗೆ ಹೋದಳು.

“ಡೊರತಿ, ಯೂ ಡಿಡಂಟ್ ಸೇ” ಎಂದಳು.

ಡೊರತಿ ತಿರುಗಿ ನಿಂತರು. ಏನೋ ತಪ್ಪಾಯಿತೆಂಬ ಗಾಬರಿ ಅವರ ಮುಖದಲ್ಲಿತ್ತು. ನಿಮ್ಮವರಲ್ಲಿ ಹೇಳುವುದಿಲ್ಲವಲ್ಲ ಎಂದರು.

“ವೀ ಡೋಂಟ್. ಬಟ್ ಯೂ ಸೇ” ಎಂದಳು ಸರೋಜ. ಅವಳ ದನಿ ಚಿಕ್ಕ ಹುಡುಗಿಯದಾಗಿತ್ತು.

ಡೊರತಿ ಹಿಂದಕ್ಕೆ ಬಂದು ಅವಳನ್ನು ಎರಡೂ ಕೈಯಿಂದ ಬಳಸಿಕೊಂಡು ಆ ಮಾತನ್ನು ಹೇಳಿದರು. ಅದರ ಮೂಲವನ್ನೂ ಅರ್ಥಗಳನ್ನೂ ಬಲ್ಲ ನಾನು ಸ್ವಲ್ಪ ದೂರದಲ್ಲಿ ನಿಂತಿದ್ದೆ. ಬೆಳಗಿನಿಂದ ಅಳದಿದ್ದ ಸರೋಜ ಅವರ ಹೆಗಲಿಗೆ ಮುಖವಿಟ್ಟು ‘ಅಮ್ಮಾ’ ಎಂದು ಅಳತೊಡಗಿದಳು. ಇಬ್ಬರ ಕೂದಲೂ ಇನ್ನೂ ಒದ್ದೆಯಾಗಿತ್ತು.